ಟರ್ಬೊ ಮೇಸ್ತ್ರಿಯ ಎರಡು ಬೆರಳು

ಕಳೆದ ತಿಂಗಳು ನಮ್ಮ ಅಡುಗೆಮನೆಯ ಸಿಂಕ್ ಸೋರಲು ಶುರುವಾಯಿತು. ಪ್ಲಂಬರ್ ಬಂದು ಅಂಚಿನುದ್ದಕ್ಕೂ ಟ್ಯೂಬಿನಿಂದ ಸಿಲಿಕಾನ್ ಪೇಸ್ಟ್ ಹಿಂಡಿ, ಒದ್ದೆ ಬೆರಳಲ್ಲಿ ಸವರಿ, ನಾಳೆವರೆಗೂ ನೀರು ಬಿಡಬೇಡಿ ಎಂದು ಹೇಳಿ ಹೋದ. ಅವನು ಹೋದ ಮೇಲೆ ಮನೆಯೆಲ್ಲ ಒಂಥರಾ ಹುಳಿ ವಾಸನೆ, ಗೋಬಿ ಮಂಚೂರಿ ಗಾಡಿಯವನ ವಿನೆಗರ್ ಬಾಟಲಿ ಉರುಳಿದ ಹಾಗೆ. ಹೆಂಡತಿ ಕಿಟಕಿ ತೆಗೆದಳು. ಮಗಳು ದುಪಟ್ಟಾವನ್ನು ಮೂಗಿಗೆ ಹಿಡಿದಳು. ನಾನು ಎದ್ದು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಇಷ್ಟು ವರ್ಷವಾದರೂ ಆ ವಾಸನೆ ಬಂದರೆ ನನಗೆ ಟರ್ಬೊ ಮೇಸ್ತ್ರಿ ನೆನಪಾಗುತ್ತಾರೆ.

ಅವರನ್ನು ಹೆಸರು ಹಿಡಿದು ಕರೆದವರು ಪೀಣ್ಯದಲ್ಲಿ ಕಡಿಮೆ. ಬಸ್ಸಿನವರು, ಕ್ಯಾಂಟರಿನವರು, ಟಿಪ್ಪರಿನವರು ಎಲ್ಲರಿಗೂ ಅವರು ಟರ್ಬೊ ಮೇಸ್ತ್ರಿ. ಎರಡನೇ ಹಂತದ ಒಂದು ಅಡ್ಡರಸ್ತೆಯಲ್ಲಿ, ಲೇತ್ ಅಂಗಡಿಗೂ ಪೌಡರ್ ಕೋಟಿಂಗ್ ಶೆಡ್ಡಿಗೂ ನಡುವೆ, ಒಂದೇ ಶಟರಿನ ಅಂಗಡಿ. ಅದಕ್ಕೂ ಮುಂಚೆ ಇಪ್ಪತ್ತು ವರ್ಷದ ಮೇಲೆ ಅಲ್ಲೇ ಒಂದು ಬೇರಿಂಗ್ ಕಾರ್ಖಾನೆಯಲ್ಲಿ ಗ್ರೈಂಡಿಂಗ್ ಕೆಲಸ ಮಾಡಿದ್ದರಂತೆ. ಕಾರ್ಖಾನೆ ಮುಚ್ಚಿದಾಗ ಜೊತೆಯವರಲ್ಲಿ ಕೆಲವರು ಸೆಕ್ಯುರಿಟಿ ಕೆಲಸಕ್ಕೆ ಹೋದರು, ಕೆಲವರು ಆಟೊ ತೆಗೆದುಕೊಂಡರು. ಇವರು ತಮ್ಮ ಬೆರಳನ್ನು ನಂಬಿ ಅಂಗಡಿ ಹಾಕಿದರು. ಹಾಗೆಂದು ಅವರೇ ಹೇಳುತ್ತಿದ್ದರು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಅವರ ಬೆರಳಿಗೆ ಗೊತ್ತಾಗುತ್ತದೆ ಎಂದು ಊರೇ ಹೇಳುತ್ತಿದ್ದುದರಿಂದ ಅದನ್ನು ಯಾರೂ ಬಡಾಯಿ ಅಂದುಕೊಳ್ಳುತ್ತಿರಲಿಲ್ಲ.

ನಮ್ಮದು ಬಾಗಲಗುಂಟೆಯ ಹಳೇ ಮನೆತನ. ತಾತ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಸಾಲಾಗಿ ಬಾಡಿಗೆ ಮನೆಗಳಿವೆ. ಅಣ್ಣಂದಿರಿಬ್ಬರೂ ತಮ್ಮ ಪಾಲಿನ ಸೈಟಿನಲ್ಲಿ ಮನೆ ಕಟ್ಟಿಸಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತರು. ನಾನು ನನ್ನ ಪಾಲಿನ ಸೈಟು ಮಾರಿ ಮಿನಿ ಬಸ್ಸು ತಂದೆ. ಊರಿಗೆಲ್ಲಾ ಒಂದು ದಾರಿಯಾದರೆ ಪೋರನಿಗೇ ಒಂದು ದಾರಿ ಎಂದು ಅಮ್ಮ ವರ್ಷವಿಡೀ ಬೈದಳು. ಬಸ್ಸಿಗೆ ಓನರೂ ನಾನೇ, ಡ್ರೈವರೂ ನಾನೇ, ಕ್ಲೀನರೂ ನಾನೇ. ಗಾರ್ಮೆಂಟ್ಸ್ ಕಾರ್ಖಾನೆಯೊಂದರ ಹೆಣ್ಣುಮಕ್ಕಳನ್ನು ಬೆಳಿಗ್ಗೆ ಮಾದನಾಯಕನಹಳ್ಳಿ ಕಡೆಯಿಂದ ಹತ್ತಿಸಿಕೊಂಡು ಪೀಣ್ಯಕ್ಕೆ ಬಿಡುವುದು, ಸಂಜೆ ವಾಪಸ್ ಮನೆ ಮುಟ್ಟಿಸುವುದು. ಗೇಟು ಮುಚ್ಚುವುದರೊಳಗೆ ತಲುಪದಿದ್ದರೆ ಅವರಿಗೆ ಅರ್ಧ ದಿನದ ಸಂಬಳ ಹೋಗುತ್ತಿತ್ತು. ನನಗೆ ಮೂವತ್ತು ಬಾಯಿಯ ಬೈಗುಳ ಸಿಗುತ್ತಿತ್ತು.

ಬಸ್ಸಿಗೆ ನಾಲ್ಕೈದು ವರ್ಷವಾದಾಗ ಟರ್ಬೊ ಸದ್ದು ಮಾಡತೊಡಗಿತು. ಏರು ಬಂದರೆ ಎಳೆಯುತ್ತಿರಲಿಲ್ಲ, ಹಿಂದೆ ನೀಲಿ ಹೊಗೆ, ಆಕ್ಸಿಲರೇಟರ್ ಒತ್ತಿದರೆ ಸಣ್ಣಗೆ ಶಿಳ್ಳೆ. "ಅಣ್ಣಾ, ನಿನ್ ಬಸ್ಸು ಸೀಟಿ ಒಡೀತೈತೆ ಕಣಣ್ಣಾ, ಯಾರ್ನ ನೋಡಿ?" ಎಂದು ಹಿಂದಿನ ಸೀಟಿನ ಹುಡುಗಿಯರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆದರೆ ಎರಡು ಸಲ ತಡವಾಗಿ ಕಾರ್ಖಾನೆ ಮುಟ್ಟಿದ ಮೇಲೆ ಅಲ್ಲಿ ಬಸ್ಸುಗಳನ್ನು ನೋಡಿಕೊಳ್ಳುವ ಇನ್‌ಚಾರ್ಜ್ ನನ್ನನ್ನು ಕರೆದು, ಇನ್ನೊಂದು ಸಲ ಹೀಗಾದರೆ ರೂಟು ಬೇರೆಯವರಿಗೆ ಕೊಡುತ್ತೇನೆ ಎಂದುಬಿಟ್ಟರು. ಆ ರೂಟು ಬಿಟ್ಟರೆ ನನ್ನ ಬಸ್ಸಿಗೆ ಬೇರೆ ಕೆಲಸವಿರಲಿಲ್ಲ. ಸೈಟು ಹೋಗಿ ಬಸ್ಸು ಬಂದಿತ್ತು, ಬಸ್ಸೂ ಹೋದರೆ ಅಣ್ಣಂದಿರ ಮನೆಯ ಬಾಡಿಗೆ ವಸೂಲಿಗೆ ನಿಲ್ಲಬೇಕಿತ್ತು.

ಟರ್ಬೊ ಗೊತ್ತಿಲ್ಲದವರಿಗೆ ಎರಡು ಮಾತು ಹೇಳುತ್ತೇನೆ. ಎಂಜಿನ್ನಿನಿಂದ ಹೊರಗೆ ಹೋಗುವ ಹೊಗೆಯೇ ಒಂದು ಪುಟ್ಟ ಫ್ಯಾನನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಫ್ಯಾನು ಹೊರಗಿನ ಗಾಳಿಯನ್ನು ಎಂಜಿನ್ನಿಗೆ ಒತ್ತಿ ತುಂಬುತ್ತದೆ. ನಡುವಿನ ಆ ದಂಡವನ್ನು ನಾವು ಶಾಫ್ಟ್ ಅನ್ನುತ್ತೇವೆ. ಪೆನ್ಸಿಲ್ ದಪ್ಪದ ಕಬ್ಬಿಣ, ಕಣ್ಣು ಮಿಟುಕಿಸುವಷ್ಟರಲ್ಲಿ ನೂರಾರು ಸುತ್ತು ತಿರುಗುತ್ತದೆ. ಅದಕ್ಕೆ ಆಧಾರ ಎಂದರೆ ಎಣ್ಣೆಯ ಒಂದು ತೆಳ್ಳನೆ ಪದರ ಮಾತ್ರ. ಎಣ್ಣೆ ತಪ್ಪಿದರೆ ಆ ಕ್ಷಣವೇ ಸುಟ್ಟು ಕೂರುತ್ತದೆ.

ಸವೆದ ಟರ್ಬೊಗೆ ಎರಡೇ ದಾರಿ. ಬಿಚ್ಚಿ ಒಳಗಿನ ಬೇರಿಂಗು, ಸೀಲು ಬದಲಾಯಿಸಿ ಮತ್ತೆ ಕಟ್ಟುವುದು, ಇಲ್ಲವೇ ಇಡೀ ಹೊಸದು ತರುವುದು. ಷೋರೂಮಿನವರು ಮುಟ್ಟದೆಯೇ ಹೊಸದು ಅಂದರು. ಎಂಟನೇ ಮೈಲಿಯ ಒಬ್ಬ ಮೆಕ್ಯಾನಿಕ್ಕು ನೋಡದೆಯೇ ರಿಪೇರಿ ಅಂದ. ಇಬ್ಬರಿಗೂ ಅಷ್ಟು ಖಚಿತವಾಗಿ ಹೇಗೆ ಗೊತ್ತಾಯಿತೋ ನನಗೆ ಗೊತ್ತಾಗಲಿಲ್ಲ. ಹೀಗೆ ತಲೆ ಕೆಡಿಸಿಕೊಂಡು ಮೇಸ್ತ್ರಿಯ ಅಂಗಡಿಗೆ ಹೋದೆ.

ಅವರು ಟರ್ಬೊ ಬಿಚ್ಚಿಕೊಂಡು ಬಂದವರನ್ನು ವಾಪಸ್ ಕಳಿಸುತ್ತಿದ್ದರು. ಗಾಡಿಯನ್ನೇ ತರಬೇಕು, ಓಡಿಸುವವನೇ ತರಬೇಕು. ತಂದರೆ ಬಾನೆಟ್ಟಿನ ಕಡೆ ಬರುತ್ತಲೂ ಇರಲಿಲ್ಲ. ಅಂಗಡಿಯ ಒಳಗೆ ಸ್ಟೂಲಿನ ಮೇಲೆ ಕೂತು ಕಿವಿ ಕೊಟ್ಟು ಕೇಳುತ್ತಿದ್ದರು. ಗಾಡಿ ನಿಲ್ಲಿಸಿದ ತಕ್ಷಣ ಚಾವಿ ತಿರುಗಿಸಿ ಎಂಜಿನ್ ಆಫ್ ಮಾಡುವವನೋ, ಅಥವಾ ಒಂದು ನಿಮಿಷ ಸುಮ್ಮನೆ ಓಡಲು ಬಿಟ್ಟು, ಟರ್ಬೊ ತಣ್ಣಗಾದ ಮೇಲೆ ಆಫ್ ಮಾಡುವವನೋ ಎಂದು. ಮೊದಲನೆಯವನಾದರೆ, "ನೀವು ಒಸಾದು ಆಕ್ಸಿದ್ರೂ ಒಂದೇ, ಅಳೇದು ಕಟ್ಸಿದ್ರೂ ಒಂದೇ, ಎರಡ್ನೂ ಸಾಯಿಸ್ತೀರ" ಎಂದು ಮುಖದ ಮೇಲೇ ಹೇಳುತ್ತಿದ್ದರು. ಇಂಥ ಬಾಯಿ ಇಟ್ಟುಕೊಂಡು ಅಂಗಡಿ ಹೇಗೆ ನಡೆಸುತ್ತಾರಪ್ಪ ಅನ್ನಿಸುತ್ತಿತ್ತು. ಆದರೆ ಬೈಸಿಕೊಂಡವರೇ ಮತ್ತೆ ಬರುತ್ತಿದ್ದರು.

ನನ್ನ ಅದೃಷ್ಟ, ಅವತ್ತು ಫೋನ್ ಬಂದು ಮಾತಾಡುತ್ತ ಎಂಜಿನ್ ಆಫ್ ಮಾಡುವುದನ್ನು ಮರೆತಿದ್ದೆ. ಪರೀಕ್ಷೆಯಲ್ಲಿ ಪಾಸಾದೆ.

ಟರ್ಬೊ ತಣ್ಣಗಾಗುವವರೆಗೂ ಕಾದು, ಪೈಪು ಬಿಚ್ಚಿ, ಕೈಯನ್ನು ಸೋಪಿನಲ್ಲಿ ಎರಡು ಸಲ ತೊಳೆದು ಒರೆಸಿಕೊಂಡು ಬಂದರು. ಬಲಗೈಯ ಹೆಬ್ಬೆರಳು, ತೋರುಬೆರಳಿನಲ್ಲಿ ಶಾಫ್ಟಿನ ತುದಿ ಹಿಡಿದರು. ಕಣ್ಣು ಮುಚ್ಚಿದರು. ಮೇಲೆ, ಕೆಳಗೆ. ಆಮೇಲೆ ಹಿಂದೆ, ಮುಂದೆ. ಪಕ್ಕದ ಲೇತಿನ ಸದ್ದಿಗೆ ನನಗೆ ನನ್ನ ಮಾತೇ ಕೇಳುತ್ತಿರಲಿಲ್ಲ, ಅವರು ಮಾತ್ರ ಆ ಸದ್ದು ಅಲ್ಲಿಲ್ಲವೇ ಇಲ್ಲ ಅನ್ನುವ ಹಾಗೆ ನಿಂತಿದ್ದರು. ಆಮೇಲೆ ನನ್ನ ಕೈ ಹಿಡಿದು ಅದೇ ಜಾಗಕ್ಕೆ ಇಟ್ಟರು.

"ನೀವೇ ನೋಡಿ ಗೌಡ್ರೇ. ಮೇಲ್ಕೆಳಗೆ ಚೂರು ಆಡ್ತೈತಾ? ಅದು ಆಡ್ಬೇಕು, ಅಲ್ಲಿ ಎಣ್ಣೆ ನಿಲ್ಲೋ ಜಾಗ. ಇಂದ್ಮುಂದೆ ಆಡ್ಬಾರ್ದು. ನಿಮ್ದು ಇಂದ್ಮುಂದೆ ಶುರುವಾಗೈತೆ, ಆದ್ರೆ ಫ್ಯಾನು ಗೋಡೆಗೆ ಇನ್ನೂ ತಾಗಿಲ್ಲ."

ನನಗೆ ಎಲ್ಲವೂ ಒಂದೇ ಥರ ಕಂಡಿತು. ತಲೆ ಮಾತ್ರ ಆಡಿಸಿದೆ.

ಬಿಚ್ಚಿ ನೋಡಿದರು. ಶಾಫ್ಟನ್ನು ಬೆಳಕಿಗೆ ಹಿಡಿದು, ಉಗುರಿನಲ್ಲಿ ಗೀರಿ, ಉದ್ದಕ್ಕೂ ಬೆರಳು ಎಳೆದರು. ಮನೆ, ಅಂದರೆ ಹೊರಗಿನ ಎರಕದ ಕವಚ, ಸೀಳಿದೆಯೋ ಎಂದು ಸೀಮೆಎಣ್ಣೆ ಸವರಿ ನೋಡಿದರು. ಬಸ್ಸು ಯಾವ ರೂಟಿನಲ್ಲಿ ಓಡುತ್ತದೆ, ದಿನಕ್ಕೆ ಎಷ್ಟು ಏರು, ಎಷ್ಟು ಜನ ಹತ್ತುತ್ತಾರೆ ಎಂದೆಲ್ಲ ವಿಚಾರಿಸಿದರು. ಅವರ ತೀರ್ಪು ಎರಡೇ ಬಗೆ, ಅದು ಎಲ್ಲರಿಗೂ ಗೊತ್ತಿತ್ತು. ಬಿಟ್ಬಿಡಿ ಅಂದರೆ ಹೊಸದು ತರಬೇಕು, ಅದರ ಮೇಲೆ ಅಪೀಲಿಲ್ಲ. ನನಗೆ, "ಉಳಿಸ್ಬೋದು" ಅಂದರು. ಆ ಹೊತ್ತಿಗೆ ಆ ಮಾತು ಕೇಳಿ ಕಾಲು ಹಿಡಿಯೋಣ ಅನ್ನಿಸಿತ್ತು. ಹೊಸದು ತರಲು ನನ್ನ ಕೈಯಲ್ಲಿ ಆಗುತ್ತಲೇ ಇರಲಿಲ್ಲ.

ಶನಿವಾರ ಟರ್ಬೊ ಕಟ್ಟಿ ಕೊಟ್ಟರು. ನಾಳೆ ರಜೆ, ಸೋಮವಾರ ಬನ್ನಿ, ನಾನೇ ಬಸ್ಸಿಗೆ ಕೂರಿಸಿಕೊಡುತ್ತೇನೆ ಅಂದರು. ಸೋಮವಾರ ಅಂದರೆ ಒಂದು ದಿನ ರೂಟು ತಪ್ಪುತ್ತದೆ. ನಾನೇ ಕೂರಿಸಿಕೊಳ್ಳುತ್ತೇನೆ ಬಿಡಿ ಮೇಸ್ತ್ರಿ ಎಂದೆ. ಅವರು ಗೋಡೆಯ ಕಡೆ ಕೈ ತೋರಿಸಿದರು. ಅಲ್ಲಿ ಕೆಂಪು ಪೇಂಟಿನಲ್ಲಿ ದೊಡ್ಡದಾಗಿ, ಪೇಸ್ಟ್ ಹಾಕಬೇಡಿ, ಎಂದು ಬರೆದಿತ್ತು. ಎಣ್ಣೆಯ ಪೈಪು ಟರ್ಬೊಗೆ ಕೂರುವ ಜಾಗದಲ್ಲಿ ಗ್ಯಾಸ್ಕೆಟ್ ಎಂಬ ತೆಳ್ಳಗಿನ ಒಂದು ಬಿಲ್ಲೆ ಮಾತ್ರ ಇರಬೇಕು. ಸೋರದಿರಲಿ ಎಂದು ಅಲ್ಲಿ ಪೇಸ್ಟ್ ಬಳಿದರೆ, ಬೋಲ್ಟು ಬಿಗಿಯುವಾಗ ಅದು ಒಳಕ್ಕೂ ಹಿಂಡಿಕೊಂಡು ಎಣ್ಣೆಯ ದಾರಿಗೆ ಅಡ್ಡ ಬರುತ್ತದೆ. ಇದನ್ನು ಅವರು ಗಿಳಿಗೆ ಹೇಳಿದ ಹಾಗೆ ಮೂರು ಸಲ ಹೇಳಿದರು.

ಬಸ್ಸನ್ನು ಇನ್ನೊಂದು ಗಾಡಿಯಿಂದ ಎಳೆಸಿ ತಂದು, ಭಾನುವಾರ ಮನೆ ಮುಂದೆ ನಿಲ್ಲಿಸಿಕೊಂಡು ಟರ್ಬೊ ಕೂರಿಸಿದೆ. ಎಂಜಿನ್ ಸ್ಟಾರ್ಟ್ ಮಾಡಿದರೆ ಆ ಜಾಗದಲ್ಲಿ ಎಣ್ಣೆ ಒಂದು ಹನಿ ಜಿನುಗಿತು. ಬಿಗಿ ಮಾಡಿದೆ, ಮತ್ತೆ ಜಿನುಗಿತು. ಡ್ರೈವರ್ ಆದವನ ಡಬ್ಬಿಯಲ್ಲಿ ಸ್ಪ್ಯಾನರ್ ಇಲ್ಲದಿದ್ದರೂ ಪೇಸ್ಟಿನ ಟ್ಯೂಬ್ ಇರುತ್ತದೆ. ನೀರು ಸೋರಿದರೆ ಪೇಸ್ಟು, ಎಣ್ಣೆ ಸೋರಿದರೆ ಪೇಸ್ಟು, ಮಳೆಗಾಲದಲ್ಲಿ ಗಾಜು ಸೋರಿದರೂ ಪೇಸ್ಟು. ಬೇರೆಯವರ ಗಾಡಿ ಓಡಿಸುತ್ತಿದ್ದ ಕಾಲದಿಂದಲೂ ಬಂದ ಹದಿನೈದು ವರ್ಷದ ಕೈಯಭ್ಯಾಸ. ಗೋಡೆಯ ಮೇಲಿನ ಕೆಂಪು ಅಕ್ಷರ ಕಣ್ಣ ಮುಂದೆ ಬರಲಿಲ್ಲ ಎಂದರೆ ಸುಳ್ಳಾದೀತು. ಬಂತು. ಸಾಸಿವೆ ಕಾಳಷ್ಟು ಹಾಕಿದರೆ ಏನಾಗುತ್ತದೆ ಅಂದುಕೊಂಡೆ. ಆ ಹುಳಿ ವಾಸನೆ ಕೈಗೆ ಹತ್ತಿದ್ದು ಊಟಕ್ಕೆ ಕೂತಾಗಲೂ ಇತ್ತು.

ಹದಿನೆಂಟು ದಿನ ಬಸ್ಸು ಕುದುರೆಯ ಹಾಗೆ ಓಡಿತು. ಹತ್ತೊಂಬತ್ತನೇ ದಿನ ಬೆಳಿಗ್ಗೆ ತುಮಕೂರು ರಸ್ತೆಯಲ್ಲಿ ಕಿರ್ರೆಂದು ಒಂದು ಸದ್ದು, ಹಿಂದೆಲ್ಲ ಹೊಗೆ, ಬಸ್ಸು ನಿಂತಿತು. ಹೆಣ್ಣುಮಕ್ಕಳು ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಕೆಲವರು ಓಡಿದರು, ಕೆಲವರು ಆಟೊ ಹುಡುಕಿದರು. ಅವತ್ತು ಯಾರೂ ತಮಾಷೆ ಮಾಡಲಿಲ್ಲ. ಇವತ್ತೂ ಅರ್ಧ ದಿನ ಹೋಯಿತು ಎಂದು ಒಬ್ಬಾಕೆ ಅತ್ತದ್ದು ಮಾತ್ರ ನೆನಪಿದೆ.

ಬಸ್ಸನ್ನು ಪಕ್ಕಕ್ಕೆ ತಳ್ಳಿಸಿ ಅಲ್ಲೇ ಟರ್ಬೊ ಬಿಚ್ಚಿದೆ. ಎಣ್ಣೆ ಹೋಗುವ ತೂತಿನಲ್ಲಿ ಶಾವಿಗೆ ಎಳೆಯ ಹಾಗೆ ಏನೋ ಬೂದು ಬಣ್ಣದ್ದು ಸಿಕ್ಕಿಕೊಂಡಿತ್ತು. ಎಳೆದರೆ ಮೆತ್ತಗೆ, ರಬ್ಬರಿನಂತೆ ಬಂತು. ಸಾಸಿವೆ ಕಾಳಷ್ಟು ಅಂದುಕೊಂಡಿದ್ದು... ಅದನ್ನು ಕೈಯಲ್ಲಿ ಹಿಡಿದು ರಸ್ತೆಯ ಆಚೀಚೆ ನೋಡಿದೆ. ಆಮೇಲೆ ಮೋರಿಗೆ ಎಸೆದೆ. ಪೈಪನ್ನು ಡೀಸೆಲ್ಲಿನಲ್ಲಿ ತೊಳೆದೆ, ತೂತಿನ ಬಾಯನ್ನು ಬಟ್ಟೆಯಿಂದ ಒರೆಸಿದೆ. ಯಾಕೆ ಒರೆಸಿದೆ ಎಂದು ಆಗ ನನ್ನನ್ನು ಕೇಳಿದ್ದರೆ, ಕೊಳೆಯಾಗಿತ್ತು ಅನ್ನುತ್ತಿದ್ದೆ.

ಅಷ್ಟರಲ್ಲಿ ಇನ್‌ಚಾರ್ಜ್ ಬೈಕಿನಲ್ಲಿ ಬಂದರು. ಕೆಟ್ಟ ಮನುಷ್ಯರೇನಲ್ಲ, ಅವರಿಗೂ ಮೇಲಿನವರಿಗೆ ಉತ್ತರ ಹೇಳಬೇಕಿತ್ತು. ತಪ್ಪು ನಿನ್ನದೋ ರಿಪೇರಿಯವರದೋ ಇವತ್ತೇ ಗೊತ್ತಾಗಬೇಕು, ನಡಿ ಎಂದು ನನ್ನನ್ನು ಹಿಂದೆ ಕೂರಿಸಿಕೊಂಡು ಮೇಸ್ತ್ರಿಯ ಅಂಗಡಿಗೆ ಕರೆದುಕೊಂಡು ಹೋದರು. ನನ್ನ ತಪ್ಪಾದರೆ ರೂಟು ಹೋಯಿತು. ದಾರಿಯುದ್ದಕ್ಕೂ ತೊಡೆಯ ಮೇಲೆ ಆ ಸುಟ್ಟ ಟರ್ಬೊ ಇತ್ತು.

ಅಂಗಡಿಯಲ್ಲಿ ಇನ್ನೂ ಮೂರ್ನಾಲ್ಕು ಗಾಡಿಯವರಿದ್ದರು. ಮೇಸ್ತ್ರಿ ಶಾಫ್ಟು ಹೊರಗೆ ತೆಗೆದರು. ನೀಲಿಗೆ ತಿರುಗಿತ್ತು. ಎಣ್ಣೆ ಸಿಗದೆ ಸುಟ್ಟಿದೆ ಎಂದು ನೋಡಿದ ತಕ್ಷಣ ಹೇಳಿದರು. ಎಣ್ಣೆಯ ತೂತು ನೋಡಿದರು, ಶುಭ್ರವಾಗಿತ್ತು. ಪೈಪು ಎಲ್ಲಿ ಅಂದರು. ಕೊಟ್ಟೆ. ಬಾಯಿಟ್ಟು ಊದಿದರು, ಗಾಳಿ ಸರಾಗ ಹೋಯಿತು.

"ಪೇಸ್ಟ್ ಆಕಿದ್ರಾ ಗೌಡ್ರೇ?"

ಇನ್‌ಚಾರ್ಜ್ ನನ್ನ ಮುಖ ನೋಡಿದರು.

"ಇಲ್ಲ ಮೇಸ್ತ್ರಿ. ನೀವು ಅಷ್ಟು ಸಲ ಯೋಳಿದ್ರಲ್ಲ, ಆಕ್ತೀನಾ?" ಎಂದೆ. ಅಲ್ಲಿಗೆ ಸುಮ್ಮನಾಗಬಹುದಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನಾನು. ಗಂಟಲು ಏರಿಸಿ, ನಿಮ್ಮನ್ನು ನಂಬಿ ಕೆಟ್ಟೆ, ನಮ್ಮ ಹೆಣ್ಣುಮಕ್ಕಳು ರಸ್ತೆಯಲ್ಲಿ ಓಡಿದರು, ನನ್ನ ಹೊಟ್ಟೆ ಮೇಲೆ ಹೊಡೆದಿರಿ ಎಂದೆಲ್ಲ ಕೂಗಾಡಿದೆ. ಲೇತಿನವನು ಮೆಷಿನ್ ನಿಲ್ಲಿಸಿ ಬಂದು ನೋಡಿದ.

ಅವರು ಎದುರು ಮಾತಾಡುತ್ತಾರೆ, ಬೈಯುತ್ತಾರೆ ಎಂದು ನಾನು ಸಿದ್ಧನಾಗಿದ್ದೆ. ಅವರು ಶಾಫ್ಟನ್ನು ಕೆಳಗಿಟ್ಟು ತಮ್ಮ ಎರಡು ಬೆರಳನ್ನು ಒಂದಕ್ಕೊಂದು ಉಜ್ಜಿದರು.

"ಅಂಗಾದ್ರೆ ನಂದೇ. ಬೇರಿಂಗು ಬಿಗಿಯಾಗಿ ಕೂತಿರ್ಬೇಕು, ನಂಗೆ ಗೊತ್ತಾಗ್ಲಿಲ್ಲ. ಸಕ್ಕರೆ ಕಾಯ್ಲೆ ಬಂದಾಗಿಂದ ಬೆರಳು ಜೋಮು ಇಡೀತೈತೆ. ಇವ್ಕೇನೂ ಆಗಿಲ್ಲ ಅಂದ್ಕೊಂಡಿದ್ದೆ."

ಎರಡನೇ ದಿನಕ್ಕೆ ತಮ್ಮ ಕೈಯಿಂದಲೇ ದುಡ್ಡು ಹಾಕಿ ಹೊಸ ಟರ್ಬೊ ತರಿಸಿ, ತಾವೇ ಬಂದು ಬಸ್ಸಿಗೆ ಕೂರಿಸಿಕೊಟ್ಟರು. ಬೇಡವೆಂದರೂ ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ನಾನು ಬೇಡವೆಂದು ತುಂಬ ಜೋರಾಗಿಯೇನೂ ಹೇಳಲಿಲ್ಲ ಅನ್ನುವುದನ್ನೂ ಬರೆಯಬೇಕು. ರೂಟು ಉಳಿಯಿತು. ಇನ್‌ಚಾರ್ಜ್ ನನ್ನ ಬೆನ್ನು ತಟ್ಟಿ, ಒಳ್ಳೇ ಕೆಲಸ ಮಾಡಿದೆ, ಇಂಥವರನ್ನು ಬಿಡಬಾರದು ಅಂದರು.

ಬೇಗ ಹೋಗಿ ನಿಜ ಹೇಳಿಬಿಡಬೇಕು ಎಂದು ಮೊದಲ ವಾರವೇ ಅಂದುಕೊಂಡೆ. ಹೇಳಿದರೆ ಇನ್‌ಚಾರ್ಜ್ ಕಿವಿಗೆ ಬೀಳುತ್ತದೆ ಎಂಬ ಭಯ. ಈ ತಿಂಗಳು ಬೇಡ, ಮುಂದಿನ ತಿಂಗಳು. ಹಬ್ಬ ಕಳೆಯಲಿ. ಮಗಳ ಸ್ಕೂಲು ಸೇರಿಸುವುದು ಮುಗಿಯಲಿ. ಹೀಗೆ ವರ್ಷ ಕಳೆದೇಹೋಯಿತು. ದಿನಕ್ಕೆ ಎರಡು ಸಲ ಅವರ ಅಂಗಡಿಯ ರಸ್ತೆಯ ತುದಿಯಲ್ಲೇ ಹಾದುಹೋಗುತ್ತಿದ್ದೆ, ಒಂದು ಸಲವೂ ಆ ಕಡೆ ತಿರುಗಿ ನೋಡುತ್ತಿರಲಿಲ್ಲ.

ಒಮ್ಮೆ ಹೋಸ್ ಪೈಪು ಬೇಕಾಗಿ, ಬೇರೆಲ್ಲೂ ಸಿಗದೆ, ಅಲ್ಲಿಗೇ ಹೋಗಬೇಕಾಯಿತು. ಒಬ್ಬ ಕ್ಯಾಂಟರಿನವನು ಟರ್ಬೊ ತೋರಿಸುತ್ತಿದ್ದ. ಮೇಸ್ತ್ರಿ ಕೈ ತೊಳೆದುಕೊಂಡು ಬಂದರು, ಶಾಫ್ಟು ಹಿಡಿದರು, ಕಣ್ಣು ಮುಚ್ಚಿದರು. ತುಂಬ ಹೊತ್ತು ಹಾಗೇ ಇದ್ದರು. ಒಮ್ಮೆ ಬಿಟ್ಟು ಮತ್ತೆ ಹಿಡಿದರು. ಆಮೇಲೆ ಕೈಬಿಟ್ಟು, "ಬಿಟ್ಬಿಡಿ, ಒಸಾದು ಆಕ್ಸಿ" ಅಂದರು.

"ಮೇಸ್ತ್ರಿ, ಗಾಡಿ ತಗಂಡು ಇನ್ನೂ ಎರಡು ವರ್ಸ ಆಗಿಲ್ಲ. ಎಲ್ರಿಗೂ ಇಂಗೇ ಅಂತಿದೀರಂತೆ. ನೀವೇ ಇಂಗಂದ್ರೆ ನಮ್ಮಂತೋರು ಎಲ್ಲಿಗೋಗಾದು?"

"ನಂಗೆ ಗೊತ್ತಾಗ್ತಿಲ್ಲ ಕಣಯ್ಯಾ" ಅಂದರು ಮೇಸ್ತ್ರಿ.

ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಕ್ಯಾಂಟರಿನವನು ಗಾಡಿ ತೆಗೆದುಕೊಂಡು ಹೋದ. ಆಗಲೇ ನಿಜ ಹೇಳಬಹುದಿತ್ತು, ಅಂಗಡಿಯಲ್ಲಿ ನಾವಿಬ್ಬರೇ ಇದ್ದೆವು. ಹೋಸ್ ಪೈಪು ತೆಗೆದುಕೊಂಡು ಬಂದುಬಿಟ್ಟೆ.

ಹೊಸದು ಬೇಕಾದವರು ಮೇಸ್ತ್ರಿಯ ಹತ್ತಿರ ಯಾಕೆ ಬರುತ್ತಾರೆ, ಷೋರೂಮಿಗೇ ಹೋಗುತ್ತಾರೆ. ಕಟ್ಟಿಸಿಕೊಳ್ಳಬೇಕಾದವರನ್ನು ಇವರೇ ಕಳಿಸಿಬಿಡುತ್ತಿದ್ದರು. ಮುಂದಿನ ಯುಗಾದಿಯ ಹೊತ್ತಿಗೆ ಶಟರ್ ಎಳೆದಿತ್ತು. ಅದರ ಮೇಲೆ ಯಾರೋ ಪಿಜಿ ಹಾಸ್ಟೆಲ್ಲಿನ ಚೀಟಿ ಅಂಟಿಸಿದ್ದರು. ಅದೇ ವರ್ಷ ಗಾರ್ಮೆಂಟ್ಸ್ ಕಾರ್ಖಾನೆಯೂ ಪೀಣ್ಯ ಬಿಟ್ಟು ದೂರದ ಊರಿಗೆ ಹೋಯಿತು. ಯಾವ ರೂಟಿಗಾಗಿ ಸುಳ್ಳು ಹೇಳಿದ್ದೆನೋ ಆ ರೂಟೇ ಇಲ್ಲವಾಯಿತು. ಇನ್ನು ಯಾರಿಗೆ ಹೆದರಬೇಕು? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗೆ ನಾನು ವಿಳಾಸ ಹುಡುಕಿಕೊಂಡು ರಾಜಗೋಪಾಲನಗರದ ಅವರ ಮನೆಗೆ ಹೋದೆ.

ಎರಡನೇ ಮಹಡಿಯ ಚಿಕ್ಕ ಮನೆ. ಮೇಸ್ತ್ರಿ ಬನಿಯನ್ನಿನಲ್ಲಿ ಕುರ್ಚಿಯ ಮೇಲೆ ಕೂತಿದ್ದರು, ಕಾಲಿಗೆ ಬ್ಯಾಂಡೇಜು. ಇಳಿದುಹೋಗಿದ್ದರು. ನನ್ನನ್ನು ನೋಡಿ ಖುಷಿಪಟ್ಟು, "ಬನ್ನಿ ಗೌಡ್ರೇ, ಟರ್ಬೊ ಎಂಗೈತೆ?" ಅಂದರು. ಅವರ ಹೆಂಡತಿ ನನಗೆ ಟೀ, ಅವರಿಗೆ ಸಕ್ಕರೆಯಿಲ್ಲದ ಟೀ ಕೊಟ್ಟು ಅಲ್ಲೇ ಬಾಗಿಲ ಹತ್ತಿರ ನಿಂತರು. ನಾನು ಟೀ ಕುಡಿಯದೆ ಎಲ್ಲವನ್ನೂ ಹೇಳಿದೆ. ಭಾನುವಾರ ಜಿನುಗಿದ ಹನಿಯಿಂದ ಹಿಡಿದು ಮೋರಿಗೆ ಎಸೆದ ಎಳೆಯವರೆಗೂ. ತಪ್ಪು ನಿಮ್ಮ ಬೆರಳಿನದಲ್ಲ, ನಾನು ಪೇಸ್ಟು ಹಾಕಿದ್ದೆ, ಎಲ್ಲರೆದುರು ಸುಳ್ಳು ಹೇಳಿದೆ ಎಂದೆ. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ನಲವತ್ತು ದಾಟಿದ ಗಂಡಸು, ಟೀ ಲೋಟ ಹಿಡಿದುಕೊಂಡು.

ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿ ಎಂದೇ ಹೋಗಿದ್ದೆ. ಅವರು ಹೆಂಡತಿಯ ಕಡೆ ತಿರುಗಿ ನಕ್ಕರು.

"ಇವ್ರಿಗೂ ನೀನೇ ಯೋಳಿ ಕಳ್ಸಿದ್ದೇನೇ?"

ಆಮೇಲೆ ಗೊತ್ತಾಯಿತು. ಅಂಗಡಿ ಮುಚ್ಚಿ ಮಂಕಾಗಿ ಕೂತ ಗಂಡನಿಗೆ ಧೈರ್ಯ ಹೇಳಿ ಎಂದು ಆಕೆ ಸಿಕ್ಕಸಿಕ್ಕ ಗಾಡಿಯವರಿಗೆಲ್ಲ ಕೈಮುಗಿದಿದ್ದರು. ಒಬ್ಬೊಬ್ಬರಾಗಿ ಬಂದು ಏನೇನೋ ಹೇಳಿ ಹೋಗಿದ್ದರು. ಆ ಟಿಪ್ಪರಿನದು ನಮ್ಮ ಡ್ರೈವರ್ ತಪ್ಪು, ಆ ಲಾರಿಯದು ಡೀಸೆಲ್ ತಪ್ಪು, ನಿಮ್ಮ ಕೈ ಮಾತ್ರ ಚಿನ್ನ ಮೇಸ್ತ್ರಿ. ನನ್ನದೂ ಅವರಿಗೆ ಆ ಸಾಲಿನ ಇನ್ನೊಂದು ಕತೆ.

"ಅಲ್ಲ ಮೇಸ್ತ್ರಿ, ನನ್ ಮಗಳಾಣೆ, ನಿಜ ಯೋಳ್ತಿದೀನಿ" ಎಂದೆ.

"ಮಕ್ಳ ಮೇಲೆ ಆಣೆ ಇಡ್ಬಾರ್ದು, ಬಿಡಿ" ಎಂದು ನನ್ನ ಮೊಣಕಾಲ ಮೇಲೆ ಕೈಯಿಟ್ಟರು. "ಪೈಪು ನಾನೇ ಊದಿ ನೋಡಿದ್ನಲ್ಲ ಗೌಡ್ರೇ. ಕ್ಲೀನಾಗಿತ್ತು. ನೀವು ಅಳ್ತಾ ಇರೋದು ನೋಡಿದ್ರೇ ಗೊತ್ತಾಗ್ತೈತೆ ಎಂಥಾ ಮನ್ಸು ನಿಮ್ದು ಅಂತ. ಅವತ್ತು ನಿಮ್ಮ ಒಟ್ಟೆ ಮೇಲೆ ಒಡ್ದಿದ್ದಕ್ಕೆ ನೀವು ನನ್ನ ಕ್ಷಮಿಸಿದ್ರೆ ಸಾಕು."

ಅವರು ನನ್ನ ಕ್ಷಮೆ ಕೇಳಿದರು. ನಾನು ಒರೆಸಿ ತೊಳೆದು ಕೊಟ್ಟ ಪೈಪು ನನ್ನ ವಿರುದ್ಧವೇ ಸಾಕ್ಷಿ ಹೇಳಿತು. ಆಮೇಲೂ ಎರಡು ಸಲ ಹೋದೆ, ಎರಡು ಸಲವೂ ಹೇಳಿದೆ. ಮತ್ತೊಂದು ಸಲ ಹೋಗುವುದರೊಳಗೆ ಕಾಲಿನ ಗಾಯ ಮೇಲಕ್ಕೇರಿ ಆಸ್ಪತ್ರೆ ಸೇರಿದ್ದರು. ಅಲ್ಲಿಂದ ವಾಪಸ್ ಬರಲಿಲ್ಲ.

ತಿಥಿಯ ದಿನ ಊಟಕ್ಕೆ ಕೂತಾಗ ಅವರ ಹೆಂಡತಿ ತಮ್ಮ ನೆಂಟರಿಗೆಲ್ಲ ನನ್ನನ್ನು ತೋರಿಸಿದರು. ಇವರ ಬಸ್ಸು ಯಜಮಾನರಿಂದಲೇ ಕೆಟ್ಟಿದ್ದು, ಆದರೂ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡು ಮೂರು ಸಲ ಮನೆಗೆ ಬಂದರು, ಇಂಥವರು ಎಲ್ಲಿ ಸಿಗುತ್ತಾರೆ ಎಂದು. ನೆಂಟರು ನನ್ನ ಎಲೆಗೆ ಇನ್ನೊಂದು ವಡೆ ಹಾಕಿಸಿದರು.

ನಾನೀಗಲೂ ಬಸ್ಸು ಓಡಿಸುತ್ತೇನೆ, ಬೇರೆ ಬಸ್ಸು, ಬೇರೆ ಕಾರ್ಖಾನೆ. ಪೀಣ್ಯದಲ್ಲಿ ಈಗ ಶಾಫ್ಟು ಹಿಡಿದು ಕಣ್ಣು ಮುಚ್ಚುವವರು ಯಾರೂ ಇಲ್ಲ. ಲ್ಯಾಪ್‌ಟಾಪ್ ಸಿಕ್ಕಿಸಿ ನೋಡಿ, ಬದಲಾಯಿಸಿ ಅನ್ನುತ್ತಾರೆ. ಅದೂ ತಪ್ಪೇನಲ್ಲ. ಆದರೆ ಉಳಿಸಬಹುದು ಎಂದು ಹೇಳಲು ಧೈರ್ಯವಿರುವ ಒಬ್ಬ ಮನುಷ್ಯ ಇಲ್ಲಿದ್ದರು, ಆ ಧೈರ್ಯವನ್ನು ಅವರಿಂದ ಕಿತ್ತುಕೊಂಡವನು ನಾನು.

ಸಿಂಕ್ ರಿಪೇರಿಯಾದ ಮರುದಿನ ತಡೆಯಲಾಗದೆ ರಾಜಗೋಪಾಲನಗರಕ್ಕೆ ಹೋದೆ. ಆಕೆ ಅದೇ ಮನೆಯಲ್ಲಿದ್ದಾರೆ, ಕೂದಲು ಪೂರ್ತಿ ನೆರೆತಿದೆ. ನೆಲದ ಮೇಲೆ ಕೂತು, ಅವಸರ ಮಾಡದೆ, ಮೊದಲಿನಿಂದ ಮತ್ತೊಮ್ಮೆ ಎಲ್ಲ ಹೇಳಿದೆ. ಆಕೆ ಸೊಪ್ಪು ಬಿಡಿಸುತ್ತ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

"ಸಾಕು ಬಿಡಣ್ಣಾ. ಅವ್ರು ಓಗಿ ಇಷ್ಟು ವರ್ಸ ಆಯ್ತು. ಸತ್ತೋರ ಮರ್ವಾದೆ ಇನ್ನೂ ಎಷ್ಟು ದಿನ ಅಂತ ಕಾಯ್ತೀಯಾ? ಎದ್ದು ಕೈ ತೊಳ್ಕೋ, ಊಟ ಮಾಡ್ಕೊಂಡು ಓಗು."

ಊಟ ಮಾಡಿದೆ. ಆ ಮನೆಯಲ್ಲಿ ನಾನು ಒಳ್ಳೆಯವನು, ಅದನ್ನು ಬದಲಾಯಿಸಲು ಇನ್ನು ನನ್ನಿಂದಾಗದು. ಅದಕ್ಕೇ, ಮೇಸ್ತ್ರಿಯನ್ನು ನೋಡಿಯೇ ಇರದ ನಿಮ್ಮೆದುರು ಇದನ್ನು ಬರೆದಿದ್ದೇನೆ. ನೀವಾದರೂ ನಂಬಿ. ಆ ಶಾಫ್ಟು ಚೆನ್ನಾಗಿತ್ತು. ಅವರು ಕಟ್ಟಿದ ಬೇರಿಂಗು ಸರಿಯಾಗಿತ್ತು. ಉಳಿಸಬಹುದು ಎಂದು ಅವರು ಹೇಳಿದ್ದು ನಿಜವಾಗಿತ್ತು.